ಸುಲಿಯಲು ಸುಲಭ

ಮನೆಗೆ ಹಣ್ಣು ತರುವ ಕೆಲಸವನ್ನು ಗಂಡಸರ ತಲೆಗೆ ಕಟ್ಟಿದ ಮಹಾನುಭಾವ ಎಂದಾದರೂ ಕೈಗೆ ಸಿಕ್ಕರೆ, ಒಂದು ಚೀಲ ಹುಳಿ ಕಿತ್ತಳೆ ಇಟ್ಟುಕೊಂಡು ಅವನ ಮನೆ ಮುಂದೆ ಧರಣಿ ಕೂರಬೇಕೆಂದಿದ್ದೇನೆ. ನೀವೂ ಬಂದು ಪಕ್ಕದಲ್ಲಿ ಕೂರುತ್ತೀರಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ನಿಮ್ಮ ಮನೆಯಲ್ಲೂ ನೀವು ತಂದ ಪಪಾಯ ಸಪ್ಪೆ, ಸೀಬೆ ಕಲ್ಲು, ಕಲ್ಲಂಗಡಿ ಒಳಗೆಲ್ಲ ಬಿಳಿ. ಅದೇ ಗಾಡಿ, ಅದೇ ರಾಶಿ, ಮನೆಯಾಕೆ ಆರಿಸಿ ತಂದರೆ ಮಾತ್ರ ಸಕ್ಕರೆ. ಇದರ ಮರ್ಮವೇನೆಂದು ನಮ್ಮ ಬೀದಿಯ ಗಾಡಿಯವನನ್ನೇ ಒಮ್ಮೆ ವಿಚಾರಿಸಿದೆ. "ಅಮ್ಮೋರು ಹಣ್ಣು ನೋಡ್ತಾರೆ ಸಾರ್, ನೀವು ತಕ್ಕಡಿ ನೋಡ್ತೀರ" ಅಂದ.

ಇಂಥ ಹಿನ್ನೆಲೆಯವನು ಹಣ್ಣಿನ ವಿಷಯ ಬಂದಾಗ ಪೇಪರ್ ಮುಖಕ್ಕೆ ಅಡ್ಡ ಹಿಡಿದು ಕೂರಬೇಕು. ಆದರೆ ಇಂಗ್ಲೆಂಡಿನಲ್ಲಿರುವ ಮಗಳು ಡಿಸೆಂಬರಿನ ಒಂದು ಸಂಜೆ ಅಂಗಡಿಯ ಒಳಗಿನಿಂದಲೇ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಕ್ರಿಸ್‌ಮಸ್ ಹತ್ತಿರ ಬಂತೆಂದರೆ ಕಿತ್ತಳೆಯ ಸುಗ್ಗಿ. ಮಕ್ಕಳ ಕಾಲುಚೀಲದ ತುದಿಗೆ ಒಂದು ಹಣ್ಣು ತುರುಕುವುದು ಅವರ ಹಳೆಯ ಪದ್ಧತಿ. ಮಗಳು ಎರಡು ಬಲೆಚೀಲ ಎತ್ತಿ ತೋರಿಸಿದಳು. "ಅಮ್ಮಾ, ಇದರ ಮೇಲೆ ಟ್ಯಾಂಜರಿನ್ ಅಂತ ಬರೆದಿದೆ, ಇದರ ಮೇಲೆ ಮ್ಯಾಂಡರಿನ್ ಅಂತ. ಎರಡೂ ಒಂದೇ ಥರ ಕಾಣ್ತಿವೆ. ಏನೇ ವ್ಯತ್ಯಾಸ?"

"ಎರಡೂ ಕಿತ್ತಳೆ. ಅಗ್ಗದ್ದು ತಗೋ" ಅಂದಳು ನನ್ನ ಹೆಂಡತಿ, ಹುಳಿಗೆ ಒಗ್ಗರಣೆ ಹಾಕುತ್ತಾ.

ಕಥೆ ಅಲ್ಲಿಗೆ ಮುಗಿಯಬೇಕಿತ್ತು. ಆದರೆ ನಾನು ಸಿಬಿಜೆಡ್ ಪದವೀಧರ. ಅಂದರೆ ಕೆಮಿಸ್ಟ್ರಿ, ಬಾಟನಿ, ಜುವಾಲಜಿ. ಪದವಿ ಮುಗಿಸಿದ್ದೇ ಸರ್ಕಾರಿ ಕಚೇರಿಯೊಂದರಲ್ಲಿ ಕೂತು ನಿವೃತ್ತಿಯವರೆಗೆ ಕಡತ ಕಟ್ಟಿದವನಾದ್ದರಿಂದ ಆ ಬಾಟನಿಯನ್ನು ಕೇಳಿದವರೇ ಇರಲಿಲ್ಲ. ಈಗ ಸಾಕ್ಷಾತ್ ಇಂಗ್ಲೆಂಡಿನಿಂದ ಕರೆ ಬಂದಿದೆ! ಫೋನನ್ನು ಹೆಂಡತಿಯ ಕೈಯಿಂದ ಹೆಚ್ಚುಕಡಿಮೆ ಕಿತ್ತುಕೊಂಡು, "ಎರಡೂ ಒಂದೇ ಅಲ್ಲ ಪುಟ್ಟಿ. ಸ್ವಲ್ಪ ಟೈಮ್ ಕೊಡು, ಸರಿಯಾಗಿ ನೋಡಿ ಹೇಳ್ತೀನಿ" ಅಂದೆ. ಮಗಳು "ಬಿಲ್ ಕೌಂಟರ್‌ನಲ್ಲಿ ಕ್ಯೂ ಇದೆ ಅಪ್ಪಾ" ಅಂತ ಅಗ್ಗದ್ದನ್ನೇ ತೆಗೆದುಕೊಂಡು ಹೋದಳು. ಅದೇನೂ ನನ್ನ ಉತ್ಸಾಹಕ್ಕೆ ಅಡ್ಡ ಬರಲಿಲ್ಲ.

ಕನ್ನಡಕ ಒರೆಸಿಕೊಂಡು ಕೂತೆ. ಓದುತ್ತಾ ಹೋದರೆ ಇವುಗಳ ಕುಲಗೋತ್ರ ನಮ್ಮ ಕಡೆಯ ಮದುವೆ ಮಾತುಕತೆಗಿಂತ ಗೋಜಲು. ಈ ಹುಳಿಹಣ್ಣುಗಳ ವಂಶಕ್ಕೆ ಮೂರು ಹಿರಿಯ ತಲೆಗಳು: ಮಾದಲ, ಚಕ್ಕೋತ, ಮತ್ತು ಈ ಮ್ಯಾಂಡರಿನ್. ಹಿಮಾಲಯದ ಆಗ್ನೇಯ ತಪ್ಪಲು, ಅಂದರೆ ಅಸ್ಸಾಂ, ಬರ್ಮಾ, ಚೀನಾದ ಯುನ್ನಾನ್ ಕೂಡುವ ಸೀಮೆ ಇವುಗಳ ಮೂಲಸ್ಥಾನ ಅಂತ 2018ರಲ್ಲಿ ವಂಶವಾಹಿ ಪರೀಕ್ಷೆ ಮಾಡಿದ ವಿಜ್ಞಾನಿಗಳು ಹೇಳಿದ್ದಾರೆ. ಚಕ್ಕೋತಕ್ಕೂ ಮ್ಯಾಂಡರಿನ್ನಿಗೂ ಸಂಬಂಧ ಬೆಳೆದು ಹುಟ್ಟಿದ್ದು ಸಿಹಿ ಆರೆಂಜು. ನಮ್ಮ ಮೂಸಂಬಿ ಆ ಮನೆಯದು. ಅಂಗಡಿಯಲ್ಲಿ ಸ್ಟಿಕರ್ ಅಂಟಿಸಿಕೊಂಡು ಮಿರಮಿರ ಮಿಂಚುವ, ಸಿಪ್ಪೆ ಬಿಡದ ವಿದೇಶಿ 'ಆರೆಂಜ್' ಕೂಡ ಅದೇ ಮನೆಯದು. ನಮ್ಮ ಕೊಡಗಿನ ಕಿತ್ತಳೆ, ನಾಗಪುರದ ಸಂತ್ರ ಮಾತ್ರ ಮ್ಯಾಂಡರಿನ್.

ಹಾಗಾದರೆ ಟ್ಯಾಂಜರಿನ್? ಅದೂ ಮ್ಯಾಂಡರಿನ್ನೇ. ಮೊರಾಕ್ಕೋ ದೇಶದ ಟ್ಯಾಂಜಿಯರ್ ಬಂದರಿನಿಂದ ಹಡಗು ಹತ್ತಿ ಯುರೋಪಿಗೆ ಹೋದದ್ದಕ್ಕೆ ಆ ಹೆಸರು ಅಂಟಿಕೊಂಡಿತು. ಸಾಮಾನ್ಯವಾಗಿ ಸಿಪ್ಪೆಯ ಕೆಂಪು ತುಸು ಜಾಸ್ತಿ, ರುಚಿ ತುಸು ಚುರುಕು. ಹೀಗಾಗಿ ಟ್ಯಾಂಜರಿನ್ ಎಲ್ಲವೂ ಮ್ಯಾಂಡರಿನ್, ಮ್ಯಾಂಡರಿನ್ ಎಲ್ಲವೂ ಟ್ಯಾಂಜರಿನ್ ಅಲ್ಲ. ಈ ವಾಕ್ಯವನ್ನು ನಾನು ಕನ್ನಡಿಯ ಮುಂದೆ ಹೇಳಿ ನೋಡಿಕೊಂಡೆ. ನನಗೇ ರೋಮಾಂಚನವಾಯಿತು.

ರಾತ್ರಿ ಊಟಕ್ಕೆ ಕೂತಾಗ ಇಷ್ಟನ್ನೂ ಬಡಿಸಿದೆ. ಹೆಂಡತಿ ಸೌಟು ಹಿಡಿದು ಕೇಳುತ್ತಿದ್ದಳು. ಎದುರಿಗೆ ಅತ್ತೆ. ಅವರು ಸೋಮವಾರಪೇಟೆ ಕಡೆಯವರು, ಚಳಿಗಾಲಕ್ಕೆ ಮಗಳ ಮನೆಗೆ ಅಂತ ಮೈಸೂರಿಗೆ ಬಂದವರು. ನನ್ನ ಉಪನ್ಯಾಸ ಮುಗಿದ ಮೇಲೆ ಹೆಂಡತಿ ಅಂದಳು: "ಕೈಯಲ್ಲಿ ಸುಲಿಯೋಕೆ ಬಂದ್ರೆ ಕಿತ್ತಳೆ, ಚಾಕು ಬೇಕಾದ್ರೆ ಮೂಸಂಬಿ. ಇದಕ್ಕೆ ಇಷ್ಟು ಹೊತ್ತು ಓದಿದ್ರಾ? ಹುಳಿ ಹಾಕ್ಲಾ?"

ವಿಜ್ಞಾನಕ್ಕೆ ಇದಕ್ಕಿಂತ ಚಿಕ್ಕ ಸಾರಾಂಶ ಸಿಕ್ಕಲಾರದು ಅನ್ನುವುದು ನನಗೂ ಹೊಳೆಯಿತು. ಹೊಳೆದದ್ದನ್ನೆಲ್ಲ ಹೆಂಡತಿಯ ಎದುರು ಒಪ್ಪಿಕೊಳ್ಳುವುದಕ್ಕೆ ಆಗುತ್ತದೆಯೇ? ಮಾರನೆಯ ದಿನ ಇನ್ನೂ ಆಳಕ್ಕೆ ಇಳಿದೆ. ಅಲ್ಲಿ ಇಬ್ಬರು ಮಹಾನ್ ವಿದ್ವಾಂಸರು ಸಿಕ್ಕಿದರು. ಒಬ್ಬರು ಅಮೆರಿಕದ ಸ್ವಿಂಗಲ್, ಇನ್ನೊಬ್ಬರು ಜಪಾನಿನ ತನಾಕಾ. ಸ್ವಿಂಗಲ್ ಸಾಹೇಬರು ನಿಂಬೆ, ಕಿತ್ತಳೆ, ಚಕ್ಕೋತ ಎಲ್ಲ ಸೇರಿಸಿ ಇಡೀ ಪಂಗಡದಲ್ಲಿ ಇರುವುದು 16 ಜಾತಿ ಅಂದರು. ತನಾಕಾ ಅವರು ಬಿಡಿಸಿ ಬಿಡಿಸಿ ಎಣಿಸಿ 162ಕ್ಕೆ ತಂದು ನಿಲ್ಲಿಸಿದರು. ಮ್ಯಾಂಡರಿನ್ ಒಂದನ್ನೇ 36 ಭಾಗ ಮಾಡಿ, ಟ್ಯಾಂಜರಿನ್ನಿಗೆ ಬೇರೆ ಲ್ಯಾಟಿನ್ ಹೆಸರು, ಬೇರೆ ಮನೆ, ಬೇರೆ ಒಲೆ ಕೊಟ್ಟರು. ಸ್ವಿಂಗಲ್‌ರದು ಅವಿಭಕ್ತ ಕುಟುಂಬ, ಎಲ್ಲರೂ ಒಂದೇ ಹಜಾರದಲ್ಲಿ.

ಇದನ್ನು ಓದಿದಾಗಲೇ ನನಗೆ ನಮ್ಮ ಸಂಸಾರ ಅರ್ಥವಾದದ್ದು. ಸೀರೆ ಅಂಗಡಿಯಲ್ಲಿ ನನ್ನ ಹೆಂಡತಿ ಅಪ್ಪಟ ತನಾಕಾ. ನಾನು 'ನೀಲಿ' ಅಂದ ಕಡೆ ಅವಳಿಗೆ ನವಿಲುಗರಿ, ರಾಮಾ ನೀಲಿ, ಆನಂದ ನೀಲಿ, ಇಂಕು, ಕಾಪರ್ ಸಲ್ಫೇಟು ಎಲ್ಲ ಬೇರೆಬೇರೆಯಾಗಿ ಕಾಣುತ್ತವೆ. ಅಂಗಡಿಯ ಹುಡುಗ ಸುಸ್ತಾಗಿ ಕೂತರೂ ವರ್ಗೀಕರಣ ನಿಲ್ಲುವುದಿಲ್ಲ. ಹಣ್ಣಿನ ಗಾಡಿಗೆ ಬಂದರೆ ಅದೇ ಹೆಂಗಸು ಕ್ಷಣದಲ್ಲಿ ಸ್ವಿಂಗಲ್. ಈ ಸಂಶೋಧನೆಯನ್ನು ಅವಳಿಗೆ ಹೇಳಿದೆ. "ಅವರಿಬ್ಬರ ಮನೇಲಿ ತರಕಾರಿ ಯಾರು ತರ್ತಿದ್ರಂತೆ?" ಅಂತ ಕೇಳಿದಳು. ಎಲ್ಲೂ ಬರೆದಿರಲಿಲ್ಲ.

ವಿದ್ಯೆ ಅಂದ ಮೇಲೆ ಪ್ರಯೋಗಕ್ಕೆ ಇಳಿಯಬೇಕಲ್ಲ. ಚೀಲ ಹಿಡಿದು ಗಾಡಿಯ ಹತ್ತಿರ ಹೋದೆ. ಬಣ್ಣ ಅಂದರೆ ಬಣ್ಣ, ಕಾವಿ ಉಟ್ಟ ಹಣ್ಣುಗಳು, ಗುಂಡಗೆ, ನುಣ್ಣಗೆ, ಮೇಲೆ ಮೇಣದ ಹೊಳಪು. ಒಂದನ್ನು ಎತ್ತಿ ಬೆಳಕಿಗೆ ಹಿಡಿದು, ಅಕ್ಕಪಕ್ಕದವರಿಗೂ ಕೇಳುವಷ್ಟು ಗಟ್ಟಿಯಾಗಿ, "ಏನಪ್ಪಾ, ಇದು ಟ್ಯಾಂಜರಿನ್ ಜಾತೀನೋ, ಬೇರೆ ಮ್ಯಾಂಡರಿನ್ನೋ?" ಅಂದೆ.

"ಸ್ವೀಟು ಸಾರ್."

"ಅದಲ್ಲಪ್ಪಾ, ತಳಿ ಯಾವುದು?"

ಅವನು ನನ್ನನ್ನೊಮ್ಮೆ, ಹಣ್ಣನ್ನೊಮ್ಮೆ ನೋಡಿ, "ನಿಮಗೆ ಯಾವುದು ಬೇಕು ಸಾರ್? ಅದೇ ಇದು" ಅಂದ.

ಪಕ್ಕದಲ್ಲಿ ನಿಂತಿದ್ದ ಹೆಂಗಸೊಬ್ಬರು "ನಾಗಪುರದ್ದು ಬರಲಿಲ್ವೇನೋ ಇನ್ನೂ?" ಅಂತ ಕೇಳಿ ಏನೂ ಕೊಳ್ಳದೆ ಮುಂದೆ ಹೋದರು. ಬುದ್ಧಿ ಇದ್ದವನು ಅವರ ಹಿಂದೆಯೇ ಹೋಗುತ್ತಿದ್ದ. ನಾನು ಎರಡು ಕೆಜಿ ತುಂಬಿಸಿಕೊಂಡು ಬಂದೆ. ಮನೆಯಲ್ಲಿ ಅತ್ತೆ ಒಂದು ಸುಲಿದು, ತೊಳೆ ಬಾಯಿಗೆ ಹಾಕಿ, ಪ್ಲೇಟಿನ ಮೇಲೆ ಬೀಜ ಉಗುಳತೊಡಗಿದರು. ಟಣ್. ಟಣ್. ಟಣ್. ಸ್ಟೀಲ್ ಪ್ಲೇಟಿನ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಹಣ್ಣು ಮುಗಿದರೂ ಬೀಜ ಮುಗಿಯಲಿಲ್ಲ. "ಅಳಿಯಂದ್ರೆ, ಬಿತ್ತನೆಗೆ ತಂದದ್ದಾ?" ಅಂದರು.

ಅದು ಕಿನ್ನೋ. ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಪ್ರಯೋಗಶಾಲೆಯಲ್ಲಿ ಫ್ರಾಸ್ಟ್ ಎಂಬ ವಿಜ್ಞಾನಿ 'ಕಿಂಗ್', 'ವಿಲೋ ಲೀಫ್' ಎಂಬ ಎರಡು ಮ್ಯಾಂಡರಿನ್‌ಗಳನ್ನು ಕೂಡಿಸಿ ಮಾಡಿ 1935ರಲ್ಲಿ ಹೊರಗೆ ಬಿಟ್ಟ ತಳಿ. ಆಮೇಲೆ ಪಂಜಾಬಿನಲ್ಲಿ ಬೇರೂರಿ ಅಲ್ಲಿಂದ ಲಾರಿಯಲ್ಲಿ ನಮ್ಮವರೆಗೂ ಬರುತ್ತದೆ. ರಸ ಧಾರಾಳ, ಬೀಜ ಅದಕ್ಕಿಂತ ಧಾರಾಳ. ಈ ಇತಿಹಾಸವನ್ನು ಅತ್ತೆಗೆ ಹೇಳಿದೆ. ಅವರು ಕೇಳುತ್ತಲೇ ಇದ್ದರು. ಟಣ್ ಕೂಡ ನಿಲ್ಲಲಿಲ್ಲ.

ನನ್ನ ಮಾನ ಕಾಪಾಡಲೆಂದೋ ಕಳೆಯಲೆಂದೋ, ಅದೇ ವಾರ ಭಾವಮೈದ ಊರಿನಿಂದ ಬಸ್ಸಿನಲ್ಲಿ ಒಂದು ಚೀಲ ಕಿತ್ತಳೆ ಕಳಿಸಿದ. ಅವರ ಕಾಫಿ ತೋಟದ ನಡುವೆ ಉಳಿದಿರುವ ನಾಲ್ಕಾರು ಮರದ ಫಸಲು. ಹೆಂಡತಿ, ಅತ್ತೆ ಇಬ್ಬರೂ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಬಿಚ್ಚಿ ನೋಡಿದರೆ ಅರ್ಧಕ್ಕರ್ಧ ಹಸಿರು! ಕಾಯಿ ಕಳಿಸಿದ್ದಾನಲ್ಲ ಪುಣ್ಯಾತ್ಮ ಅಂದುಕೊಂಡೆ. ಅಕ್ಕಿ ಡ್ರಮ್ಮಿನಲ್ಲಿ ಮಾವು, ಸಪೋಟ ಹೂತಿಟ್ಟು ಹಣ್ಣು ಮಾಡುವ ವಿದ್ಯೆ ನನಗೆ ಅಜ್ಜಿಯಿಂದ ಬಂದದ್ದು. ಜೊತೆಗೊಂದು ಮಾಗಿದ ಬಾಳೆಹಣ್ಣು ಇಟ್ಟರೆ ಬೇಗ ಅಂತ ಕೆಮಿಸ್ಟ್ರಿಯ ನೆನಪು ಬೇರೆ. ಎಲ್ಲರೂ ಬರುವಷ್ಟರಲ್ಲಿ ಇಡೀ ಚೀಲ ಅಕ್ಕಿಯ ಒಳಗೆ ಮಾಯ. ಹಣ್ಣಾದ ದಿನ ತೆಗೆದು ಇಬ್ಬರ ಮುಂದೆ ರಾಶಿ ಸುರಿದು ಬೆರಗುಗೊಳಿಸಬೇಕು ಅನ್ನುವುದು ಯೋಜನೆ. ಯೋಜನೆಯನ್ನು ನಾನು ಯಾರಿಗೂ ಹೇಳಲಿಲ್ಲ. ಮುಂದೆ ಅದು ನನಗೂ ಮರೆತುಹೋಯಿತು.

ಹೆಂಡತಿ ಪಾವು ಹಿಡಿದು ಅಕ್ಕಿಗೆ ಕೈ ಹಾಕಿದ ಬೆಳಿಗ್ಗೆ ಅಡುಗೆಮನೆಯಿಂದ ಬಂದ ಕೂಗನ್ನು ನಮ್ಮ ಬೀದಿ ಇನ್ನೂ ಮರೆತಿಲ್ಲ. ಅವಳ ಬೆರಳು ಇಳಿದದ್ದು ಮೆತ್ತಗಿನ, ಬೂದುಹಸಿರು ಬೂಷ್ಟು ಹಿಡಿದ ಗುಂಡಗಿನ ಒಂದು ವಸ್ತುವಿನ ಒಳಕ್ಕೆ. ಇಲಿ ಸತ್ತಿದೆ ಅಂತಲೇ ಅವಳು ತಿಳಿದದ್ದು. ನಾನು ಓಡಿ ಬಂದು "ಹೆದರಬೇಡ, ಅದು ಕಿತ್ತಳೆ" ಅಂದೆ. ಇಲಿ ಅಂದಿದ್ದರೆ ಒಳ್ಳೆಯದಿತ್ತು.

ತನಿಖಾಧಿಕಾರಿ ಅತ್ತೆ. ಉಳಿದ ಹಣ್ಣುಗಳನ್ನು ಒಂದೊಂದಾಗಿ ತೆಗೆದು ಬಟ್ಟೆಯಲ್ಲಿ ಒರೆಸಿ ಇಡುತ್ತಾ, "ಕಿತ್ತಳೆ ಮಾವಲ್ಲ ಅಳಿಯಂದ್ರೆ. ಮರದಿಂದ ಕಿತ್ತ ಮೇಲೆ ಅದು ಇನ್ನು ಹಣ್ಣಾಗಲ್ಲ. ಎಷ್ಟಾಗಿದೆಯೋ ಅಷ್ಟೇ" ಅಂದರು. ನನಗೆ ಪೌರುಷ ಬಂತು. ಹಸಿರಾಗಿದ್ದ ಹಣ್ಣುಗಳು ಈಗ ಹಳದಿ ತಿರುಗಿವೆ, ಇದು ಪ್ರತ್ಯಕ್ಷ ಪ್ರಮಾಣವಲ್ಲವೇ? ತೋರಿಸಿದೆ. ಅತ್ತೆ ಒಂದು ಸುಲಿದು ಕೊಟ್ಟರು. ಸಿಹಿ, ಹಿಂದೆ ಸಣ್ಣಗೆ ಹುಳಿ, ಘಮ. "ಕಳಿಸಿದ ದಿನಾನೂ ಹೀಗೇ ಇತ್ತು. ಬಣ್ಣ ಬರೋಕೆ ರಾತ್ರಿ ಚಳಿ ಬೇಕು. ಚಳಿ ಸಾಲದಿದ್ರೆ ಒಳಗೆ ಹಣ್ಣಾದ್ರೂ ಹೊರಗೆ ಹಸಿರೇ. ನಿಮ್ಮ ಬಾಳೆಹಣ್ಣು ಸಿಪ್ಪೆಗೆ ಬಣ್ಣ ಹೊಡೆದಿದೆ, ಅಷ್ಟೇ." ಆಮೇಲೆ ಪುಸ್ತಕ ತೆಗೆದು ನೋಡಿದೆ. ವಿದೇಶಗಳಲ್ಲೂ ಇದೇ ಕೆಲಸ ಮಾಡುತ್ತಾರೆ: ಹಸಿರಾಗಿರುವ ಒಳ್ಳೆಯ ಹಣ್ಣನ್ನು ಕೋಣೆಯಲ್ಲಿ ತುಂಬಿ ಎಥಿಲೀನ್ ಅನಿಲ ಬಿಟ್ಟು ಸಿಪ್ಪೆಗೆ ಬಣ್ಣ ಬರಿಸುವುದು. ಪದವಿ ಇಲ್ಲದ ಅತ್ತೆ ಹೇಳಿದ್ದಕ್ಕೂ ಅದಕ್ಕೂ ಒಂದಕ್ಷರ ವ್ಯತ್ಯಾಸವಿರಲಿಲ್ಲ. ಪುಸ್ತಕವನ್ನು ಸದ್ದಾಗದಂತೆ ಮುಚ್ಚಿದೆ.

ಆ ಡ್ರಮ್ಮಿನ ಅಕ್ಕಿ ಮುಗಿಯುವವರೆಗೆ ನಮ್ಮ ಮನೆಯ ಅನ್ನಕ್ಕೆ ಕಿತ್ತಳೆಯ ವಾಸನೆ. ಮೊಸರನ್ನಕ್ಕೂ ಅದೇ. ಬಂದವರೊಬ್ಬರು "ಏನೋ ವಿಶೇಷ ಅಕ್ಕಿ ತಂದಿದ್ದೀರಿ" ಅಂತ ಹೊಗಳಿದಾಗ, ಬ್ರ್ಯಾಂಡ್ ಯಾವುದು ಅಂತ ನನ್ನನ್ನೇ ಕೇಳುವಂತೆ ಹೆಂಡತಿ ಹೇಳಿದಳು.

ಅತ್ತೆಗೆ ಕಿತ್ತಳೆ ಬರೀ ಹಣ್ಣಲ್ಲ. ಅವರು ಮದುವೆಯಾಗಿ ಬಂದ ಕಾಲಕ್ಕೆ ಕಾಫಿ ಗಿಡಗಳ ನಡುವೆ ಕಿತ್ತಳೆ ಮರ ಇಲ್ಲದ ತೋಟವೇ ಇರಲಿಲ್ಲವಂತೆ. ಮಕ್ಕಳು ತಿಂದು, ನೆಂಟರು ತಿಂದು, ಕೋತಿ ತಿಂದು, ಮಿಕ್ಕದ್ದು ಮರದ ಬುಡದಲ್ಲೇ ಕೊಳೆಯುತ್ತಿತ್ತು. ಆಮೇಲೆ ಎಲೆ ಹಳದಿಯಾಗಿ ರೆಂಬೆ ತುದಿಯಿಂದ ಒಣಗತೊಡಗಿತು. ಸಣ್ಣ ಕೀಟವೊಂದು ಮರದಿಂದ ಮರಕ್ಕೆ ಹೊತ್ತು ತರುವ ಬ್ಯಾಕ್ಟೀರಿಯಾ ರೋಗ, ಗ್ರೀನಿಂಗ್ ಅನ್ನುತ್ತಾರೆ. ಹತ್ತಿದರೆ ಮರ ಹೋಯಿತೆಂದೇ ಲೆಕ್ಕ. ಚೆಟ್ಟಳ್ಳಿಯ ಸಂಶೋಧನಾ ಕೇಂದ್ರದವರು ರೋಗವಿಲ್ಲದ ಸಸಿಗಳ ಕೆಲಸ ಮಾಡುತ್ತಲೇ ಇದ್ದಾರೆ, ಕೊಡಗಿನ ಕಿತ್ತಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿದೆ. ಆದರೆ ತೋಟಗಳಲ್ಲಿ ಆ ಜಾಗವನ್ನು ಮೆಣಸಿನ ಬಳ್ಳಿ ಹಿಡಿದುಕೊಂಡಿದೆ. ಈ ಮಾತಿಗೆ ಮಾತ್ರ ನಾನು ನಡುವೆ ಬಾಯಿ ಹಾಕಲಿಲ್ಲ. ಅಂಥ ಮರಗಳ ಹಣ್ಣನ್ನು ನಾನು ಅಕ್ಕಿಯಲ್ಲಿ ಹೂತಿದ್ದೆ ಅನ್ನುವುದೂ ಆಗ ನೆನಪಾಯಿತು.

ಸಿಪ್ಪೆ ದಂಡವಾಗಲಿಲ್ಲ. ಅತ್ತೆ ಅದನ್ನು ಸಣ್ಣಗೆ ಹೆಚ್ಚಿ, ಹುಣಸೆ, ಬೆಲ್ಲ, ಸಾರಿನ ಪುಡಿ ಹಾಕಿ ಗೊಜ್ಜು ಮಾಡಿದರು. ಗೊಜ್ಜು ಪರಮಾದ್ಭುತ. ಸಿಪ್ಪೆ ತೆಳುವಾದ್ದರಿಂದ ಮ್ಯಾಂಡರಿನ್ನೇ ಗೊಜ್ಜಿಗೆ ಯೋಗ್ಯ, ಮೂಸಂಬಿಯದು ದಪ್ಪ ಅಂತ ನಾನು ಒಂದು ಟಿಪ್ಪಣಿ ಸೇರಿಸಿದೆ. ಮೂರನೇ ಸಲ ಬಡಿಸಿಕೊಳ್ಳುವಾಗ ಸೇರಿಸಿದ್ದರಿಂದ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ.

ಸಿಪ್ಪೆಯ ಇನ್ನೊಂದು ಪ್ರತಾಪ ಎದುರುಮನೆಯ ಮಗುವಿನ ಹುಟ್ಟುಹಬ್ಬದಲ್ಲಿ ಬಯಲಾಯಿತು. ಹಾಲ್ ತುಂಬ ಬಲೂನು. ತಟ್ಟೆಯಲ್ಲಿ ಕಿತ್ತಳೆ. ಸುತ್ತ ಏಳೆಂಟು ಮಕ್ಕಳು, ಹಿಂದೆ ಅವರ ಅಮ್ಮಂದಿರು. ನನ್ನಂಥವನಿಗೆ ಇನ್ನೇನು ಬೇಕು? "ನೋಡಿ ಮಕ್ಕಳೇ, ಮ್ಯಾಂಡರಿನ್ ಜಾತಿಯ ಲಕ್ಷಣ ಅಂದ್ರೆ ಸಿಪ್ಪೆ ಸಲೀಸಾಗಿ ಬಿಡುತ್ತೆ. ಎಲ್ಲೂ ತುಂಡಾಗದ ಹಾಗೆ ಒಂದೇ ಪಟ್ಟಿಯಲ್ಲಿ ಸುಲೀತೀನಿ" ಅಂತ ಬಲೂನಿನ ಗೊಂಚಲಿನ ಕೆಳಗೆ ನಿಂತು ಶುರು ಮಾಡಿದೆ. ಪಟ್ಟಿ ಅಂದವಾಗಿ ಇಳಿಯುತ್ತಿತ್ತು. ಡಬ್! ಒಂದು ಬಲೂನು ಹೋಯಿತು. ಯಾರೋ ಪಿನ್ ಚುಚ್ಚಿರಬೇಕೆಂದು ಮುಂದುವರಿಸಿದೆ. ಡಬ್! ಡಬ್! ಮಗು ಕಿರುಚಿತು, ಕೇಕಿನ ಮೇಲಿದ್ದ ಕೈ ಜಾರಿ ಯಾರದೋ ರೇಷ್ಮೆ ಸೀರೆಗೆ ಕೆನೆ ಬಿತ್ತು. ಕಿತ್ತಳೆ ಸಿಪ್ಪೆ ಹಿಂಡಿದಾಗ ಚಿಮ್ಮುವ ಎಣ್ಣೆಯಲ್ಲಿ ಲಿಮೋನಿನ್ ಅಂತ ಒಂದಿದೆ. ಅದು ರಬ್ಬರನ್ನು ಕರಗಿಸುತ್ತದೆ; ಬಿಗಿಯಾಗಿ ಊದಿದ ಬಲೂನಿಗೆ ಒಂದು ತುಂತುರು ತಾಗಿದರೆ ಸಾಕು. ಇದನ್ನು ವಿವರಿಸಿದರೆ ಸಭೆ ಶಾಂತವಾಗಬಹುದೆಂದು ಬಾಯಿ ತೆರೆದೆ. ಹೆಂಡತಿ ನನ್ನ ಮೊಣಕೈ ಹಿಡಿದು, "ಇವರಿಗೆ ಮಾತ್ರೆ ತಗೊಳ್ಳೋ ಹೊತ್ತು" ಅಂತ ಎಲ್ಲರಿಗೂ ಹೇಳಿ ಮನೆಗೆ ಕರೆತಂದಳು. ನಾನು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ. ಈಗ ಬೀದಿಯಲ್ಲಿ ಎಲ್ಲರೂ "ಆರೋಗ್ಯ ಹೇಗಿದೆ ಅಂಕಲ್?" ಅಂತ ಮೆಲ್ಲಗೆ ವಿಚಾರಿಸುತ್ತಾರೆ.

ಕಿನ್ನೋ ಬೀಜಗಳಿದ್ದವಲ್ಲ, ಅತ್ತೆ ಹಂಗಿಸಿದ ಬೀಜಗಳು? ಅವನ್ನು ಬಿತ್ತಿಯೇ ತೋರಿಸುತ್ತೇನೆ ಅಂತ ಮಹಡಿಯ ಕುಂಡದಲ್ಲಿ ಹಾಕಿದ್ದೆ. ಮೊಳಕೆ ಬಂತು. ಅದೂ ಒಂದೇ ಬೀಜದಿಂದ ಎರಡೆರಡು! ನಾನು ಹಿಗ್ಗಿ ಹೀರೇಕಾಯಿಯಾದೆ. ಹೆಂಡತಿಯನ್ನು ಮಹಡಿಗೆ ಕರೆದು, "ಇದು ಈ ಕುಲದ ವೈಶಿಷ್ಟ್ಯ. ಬೀಜದ ಒಳಗೆ ಒಂದಕ್ಕಿಂತ ಹೆಚ್ಚು ಭ್ರೂಣ ಇರುತ್ತೆ. ಅದರಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ತಂದೆಯ ಪಾಲು ಏನೂ ಇರಲ್ಲ" ಅಂದೆ.

"ನಮ್ಮ ಪುಟ್ಟಿ ಥರ" ಅಂದು ಅವಳು ಬಟ್ಟೆ ಒಣಹಾಕತೊಡಗಿದಳು.

ಗಿಡ ಮೊಣಕಾಲೆತ್ತರ ಬಂತು. ಬೀಜದಿಂದ ಬಂದ ಗಿಡಕ್ಕೆ ಹಣ್ಣು ಬಿಡಲು ವರ್ಷಗಟ್ಟಲೆ ಕಾಯಬೇಕು, ಮುಳ್ಳು ಬಿಡಲು ಅಷ್ಟು ಕಾಯಬೇಕಿಲ್ಲ. ಮುಳ್ಳು ಮೊದಲು ಹಿಡಿದದ್ದು ನನ್ನ ಪಂಚೆಯನ್ನು, ಆಮೇಲೆ ತಂತಿಯಿಂದ ಹಾರಿಬಿದ್ದ ಅವಳ ಮೈಸೂರು ಸಿಲ್ಕನ್ನು. ಆ ಅಧ್ಯಾಯವನ್ನು ಇಲ್ಲಿ ವಿಸ್ತರಿಸುವುದಿಲ್ಲ. ಸಂಸಾರಸ್ಥರಿಗೆ ತಾನಾಗಿಯೇ ಅರ್ಥವಾಗುತ್ತದೆ. ಇದರ ನಡುವೆ ಎಲೆಗಳ ಮೇಲೆ ಹಕ್ಕಿ ಹಿಕ್ಕೆ ಕಾಣಿಸತೊಡಗಿತು. ಕಂದುಬಣ್ಣದ, ನಡುವೆ ಬಿಳಿ ಗೀಟಿನ ಸಣ್ಣ ಹಿಕ್ಕೆ. ಗಿಡದ ಮೇಲೆ ಬಲೆ ಕಟ್ಟಿದೆ, ಹಳೆ ಸಿಡಿ ತೂಗುಹಾಕಿದೆ, ಬೆಳಿಗ್ಗೆ ಎದ್ದು ಕಾಗೆ ಗುಬ್ಬಿಗಳನ್ನೆಲ್ಲ ಬೈದೆ. ಹಿಕ್ಕೆ ಕಡಿಮೆಯಾಗಲಿಲ್ಲ. ಒಂದು ದಿನ ನೋಡಿದರೆ ಹಿಕ್ಕೆ ನಡೆಯುತ್ತಿದೆ! ಅದು ನಿಂಬೆ ಚಿಟ್ಟೆಯ ಮರಿಹುಳು. ಎಳೆಯದಾಗಿದ್ದಾಗ ಹಕ್ಕಿಗಳ ಕಣ್ಣು ತಪ್ಪಿಸಲು ಹಕ್ಕಿ ಹಿಕ್ಕೆಯ ವೇಷ ಹಾಕಿಕೊಂಡಿರುತ್ತದೆ. ಬೆಳೆದ ಮೇಲೆ ವೇಷ ಕಳಚಿ ಎಲೆಯ ಬಣ್ಣಕ್ಕೆ ತಿರುಗುತ್ತದೆ. ಹಕ್ಕಿಗಳು ಬಂದಿದ್ದರೆ ನಾಲ್ಕು ಹುಳುವನ್ನಾದರೂ ತಿನ್ನುತ್ತಿದ್ದವು. ಬಲೆ ಕಟ್ಟಿ ಅವನ್ನು ಓಡಿಸಿ, ಹುಳುಗಳಿಗೆ ಪೊಲೀಸ್ ಬಂದೋಬಸ್ತ್ ಕೊಟ್ಟವನು ನಾನೇ. ಗಿಡದಲ್ಲಿ ಕಡ್ಡಿ ಮತ್ತು ಮುಳ್ಳು ಮಾತ್ರ ಉಳಿದವು. ಕೆಲ ದಿನಗಳಲ್ಲಿ ಕಪ್ಪು ಹಳದಿ ಚಿಟ್ಟೆಯೊಂದು ಬಲೆಯೊಳಗೆ ಪಟಪಟ ಬಡಿದುಕೊಳ್ಳುವುದನ್ನು ಕಂಡು ಹೆಂಡತಿ ಬಲೆ ಬಿಚ್ಚಿದಳು. "ನಿಮ್ಮ ತೋಟಗಾರಿಕೆಯಲ್ಲಿ ಇದೊಂದು ಚೆನ್ನಾಗಿ ಬಂತು ನೋಡಿ" ಅಂದಳು.

ಇಷ್ಟಾದರೂ ಮಾತಿನಲ್ಲಿ ನಾನು ಸೋತವನಲ್ಲ. ಮನೆಗೆ ಬಂದ ನೆಂಟರ ಎದುರು ಒಂದು ಸಂಜೆ ಪೂರ್ತಿ ಪುರಾಣ ತೆಗೆದೆ. ಅಲ್ಜೀರಿಯಾದ ಮಿಸೆರ್ಗಿನ್ ಅನ್ನುವ ಊರಿನ ಅನಾಥಾಲಯದ ತೋಟದಲ್ಲಿ ಬ್ರದರ್ ಕ್ಲೆಮೆಂಟ್ ಅನ್ನುವ ಕ್ರೈಸ್ತ ಸನ್ಯಾಸಿಯ ಕಣ್ಣಿಗೆ ಬಿದ್ದ ಹಣ್ಣು ಕ್ಲೆಮೆಂಟೈನ್ ಆಯಿತು, ಜಪಾನಿನ ಬೀಜವಿಲ್ಲದ ಮಿಕಾನ್ ಹೊರದೇಶಗಳಲ್ಲಿ ಸತ್ಸುಮಾ ಆಯಿತು, ಇವೂ ಮ್ಯಾಂಡರಿನ್ನೇ, ನಮ್ಮ ಕೊಡಗಿನದೂ ಅವುಗಳ ದಾಯಾದಿಯೇ ಅಂತ. ನೆಂಟರು ಆಕಳಿಸುವುದನ್ನು ಮರೆಮಾಚಲು ತಲೆಯಾಡಿಸುತ್ತಿದ್ದರು. ಹೆಂಡತಿ ಕಾಫಿ ಲೋಟ ಇಡುತ್ತಾ ಹರೇಕಳ ಹಾಜಬ್ಬನವರ ಮಾತು ತೆಗೆದಳು. ನಿಮಗೆ ಗೊತ್ತಲ್ಲ, ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದವರು. ವಿದೇಶಿ ದಂಪತಿ ಇಂಗ್ಲಿಷಿನಲ್ಲಿ ಬೆಲೆ ಕೇಳಿದಾಗ ಉತ್ತರ ಕೊಡಲಾಗದೆ ಹೋಯಿತಲ್ಲ, ತನ್ನ ಊರಿನ ಮಕ್ಕಳಿಗೆ ಹಾಗಾಗಬಾರದು ಅಂತ ದುಡಿದ ಹಣದಲ್ಲಿ ಕೂಡಿಸಿ ನ್ಯೂಪಡ್ಪುವಿನಲ್ಲಿ ಶಾಲೆ ಕಟ್ಟಿಸಿದವರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

"ಅವರಿಗೆ ಕಿತ್ತಳೆಗೆ ಇಂಗ್ಲಿಷಲ್ಲಿ ಏನಂತಾರೆ ಅಂತಾನೂ ಗೊತ್ತಿರಲಿಲ್ಲ. ಸ್ಕೂಲು ಕಟ್ಟಿದ್ರು. ನಮ್ಮೋರಿಗೆ ಎಲ್ಲ ಹೆಸರೂ ಗೊತ್ತು. ಬಲೆ ಕಟ್ಟಿದ್ರು" ಅಂದಳು. ನೆಂಟರ ಆಕಳಿಕೆ ಅಲ್ಲಿಗೆ ಪೂರ್ತಿ ಬಿಟ್ಟುಹೋಯಿತು.

ಈಚೆಗೆ ಮಗಳು ಮತ್ತೆ ಅದೇ ಅಂಗಡಿಯಿಂದ ಫೋನ್ ಮಾಡಿದ್ದಳು. ನಾನು ಸಿದ್ಧನಾಗಿಯೇ ಇದ್ದೆ. "ಪುಟ್ಟಿ, ಆ ಟ್ಯಾಂಜರಿನ್ ಮ್ಯಾಂಡರಿನ್ ವಿಷಯ ಕೇಳಿದ್ದೆಯಲ್ಲ..."

"ಅಪ್ಪಾ, ಅದು ಬಿಡು. ಇಲ್ಲಿ ಈಗ ಆ ಹೆಸರೇ ಹಾಕ್ತಾ ಇಲ್ಲ. ಸತ್ಸುಮಾ, ಕ್ಲೆಮೆಂಟೈನು, ಟ್ಯಾಂಜರಿನ್ನು ಯಾವುದು ಬಂದ್ರೂ ಒಂದೇ ಚೀಲ, ಒಂದೇ ಲೇಬಲ್ಲು. 'ಈಸಿ ಪೀಲರ್ಸ್' ಅಂತ."

ಹೌದಂತೆ. ಈ ಹೆಸರುಗಳನ್ನೆಲ್ಲ ಇಷ್ಟು ಕಾಲ ಕಟ್ಟಿಕೊಂಡು ಬಂದ ದೇಶದ ದೊಡ್ಡ ದೊಡ್ಡ ಅಂಗಡಿಗಳು, ಇದ್ಯಾವುದೂ ಬೇಡವೆಂದು 'ಸುಲಿಯಲು ಸುಲಭವಾದವು' ಅಂತ ಒಂದೇ ಪಟ್ಟಿ ಬರೆದು ಮಾರುತ್ತಿವೆ. ಕೈಯಲ್ಲಿ ಸುಲಿಯೋಕೆ ಬಂದರೆ ಕಿತ್ತಳೆ ಅಂತ ನಮ್ಮ ಅಡುಗೆಮನೆಯಲ್ಲಿ ಸೌಟು ಹಿಡಿದು ಹೇಳಿದ್ದೇ ಈಗ ಲಂಡನ್ನಿನ ಅಂಗಡಿಯ ಬೋರ್ಡು.

ನಾನು ಸುಮ್ಮನೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟೆ.

"ಏನೇ ಅದು, ಈಸಿ ಪೀಲರು?" ಅಂತ ಕೇಳಿದಳು. ಮಗಳು ಅರ್ಥ ಹೇಳಿದಳು.

"ಸುಲಭವಾಗಿ ಸುಲೀಬಹುದಾದ್ದಾ? ಅದು ನಿಮ್ಮಪ್ಪನೇ ಕಣೆ. ಈ ಊರಿನ ಹಣ್ಣಿನ ಗಾಡಿಯವರೆಲ್ಲ ದಿನಾ ಸುಲೀತಾ ಇದಾರೆ."

ಅತ್ತೆ ನಕ್ಕದ್ದು ಕೇಳಿಸಿತು. ಇಂಗ್ಲೆಂಡಿನಲ್ಲಿ ಮಗಳು ನಕ್ಕದ್ದೂ ಕೇಳಿಸಿತು, ಸ್ಪೀಕರ್ ಹಾಕಿದ್ದರು.

ಆದ್ದರಿಂದ ನಿಮ್ಮಲ್ಲಿ ಒಂದು ವಿನಂತಿ. ನಾವು ನಿಮ್ಮ ಮನೆಗೆ ಬಂದಾಗ ತಟ್ಟೆಯಲ್ಲಿ ಯಾವ ಹಣ್ಣನ್ನಾದರೂ ಇಡಿ. ಅದರ ಹೆಸರು ಹೇಳಬೇಡಿ, ನನ್ನನ್ನಂತೂ ಕೇಳಲೇಬೇಡಿ. ಬಾಳೆಹಣ್ಣಾದರೆ ಅಪಾಯವಿಲ್ಲ ಅಂದುಕೊಂಡಿರಾ? ಏಲಕ್ಕಿ, ಪಚ್ಚಬಾಳೆ, ಮದರಂಗ, ನಂಜನಗೂಡು ರಸಬಾಳೆ ಅಂತ ಶುರುವಾದರೆ ಮಧ್ಯರಾತ್ರಿಯಾಗುತ್ತದೆ. ಹಣ್ಣೇ ಬೇಡ, ಒಂದು ಲೋಟ ಕಾಫಿ ಕೊಟ್ಟು ಕಳಿಸಿಬಿಡಿ. ಅದು ಅರೇಬಿಕಾನೋ ರೊಬಸ್ಟಾನೋ ಅಂತ ಮಾತ್ರ ನಮ್ಮ ಅತ್ತೆಯ ಮುಂದೆ ಎತ್ತಬೇಡಿ.